ಕಾರ್ಖಾನೆಯೇ ಕಡಲಿಗಿಳಿದಾಗ: ದುರಸ್ತಿ ಹಡಗುಗಳಿಂದ ಕಲಿತ ಹತ್ತು ಪಾಠಗಳು

ಎರಡನೇ ಮಹಾಯುದ್ಧದ ಕಥೆ ಓದಿದವರಿಗೆ ವಿಮಾನವಾಹಕ ಎಂಟರ್‌ಪ್ರೈಸ್ ಗೊತ್ತು, ಯುದ್ಧನೌಕೆ ಸೌತ್ ಡಕೋಟಾ ಗೊತ್ತು. ಏಟು ತಿಂದು ಬಂದ ಈ ಎರಡನ್ನೂ ರಿಪೇರಿ ಮಾಡಿ ಮತ್ತೆ ಕದನಕ್ಕೆ ಕಳಿಸಿದ ವೆಸ್ಟಲ್‌ನ ಹೆಸರು ಕೇಳಿದವರು ತೀರ ಕಡಿಮೆ. ಡೆಲ್ಟಾ, ಲೂಜಾನ್, ಮಿಂಡನಾವೊ, ಟುಟುಯಿಲಾ, ಬೀಚಿ ಹೆಡ್ ಎಲ್ಲವೂ ಅದೇ ಸಾಲಿಗೆ ಸೇರಿದ ಹಡಗುಗಳು. ಇವುಗಳ ಒಡಲು ರೂಪುಗೊಂಡಿದ್ದು ಕಲ್ಲಿದ್ದಲು ಮತ್ತು ಸರಕು ಹೊರಲು. ನೌಕಾಪಡೆಗಳು ಆ ಒಡಲೊಳಗೆ ಲೇತ್, ಕುಲುಮೆ, ವೆಲ್ಡಿಂಗ್ ಸೆಟ್ಟು, ಬಡಗಿ ಮನೆ ಕೂರಿಸಿ ತೇಲುವ ಕಾರ್ಖಾನೆ ಮಾಡಿಕೊಂಡವು.

ನಾನು ಮೆರೈನ್ ಎಂಜಿನಿಯರ್. ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಶುರು ಮಾಡಿ, ವೃತ್ತಿಯ ಹೆಚ್ಚಿನ ಭಾಗವನ್ನು ಹಡಗು ದುರಸ್ತಿಯಲ್ಲೇ ಕಳೆದವನು. ಡ್ರೈ ಡಾಕಿನಲ್ಲಿ ದುಡಿದಿದ್ದೇನೆ. ಬಂದರಿನ ಹೊರಗೆ ಲಂಗರು ಹಾಕಿ ನಿಂತ ಹಡಗಿಗೆ ಲಾಂಚಿನಲ್ಲಿ ಗ್ಯಾಸ್ ಸಿಲಿಂಡರ್, ಪ್ಲೇಟು, ಪಂಪು ಹೊತ್ತುಕೊಂಡು ಹೋಗಿಯೂ ದುಡಿದಿದ್ದೇನೆ. ಎರಡನೇ ಬಗೆಯ ಕೆಲಸ ಮಾಡಿದವರಿಗೆ ದುರಸ್ತಿ ಹಡಗಿನ ಬೆಲೆ ತಾನಾಗಿ ತಿಳಿಯುತ್ತದೆ. ನನ್ನದು ಶಾಂತಿಕಾಲದ ಅನುಭವ, ನನ್ನ ಮೇಲೆ ಯಾರೂ ಬಾಂಬು ಹಾಕಿಲ್ಲ. ಆದರೆ ನೀರು ನುಗ್ಗುವ ರೀತಿ, ಉಕ್ಕು ಸೀಳುವ ರೀತಿ, ಬೇಕಾದ ಬೋಲ್ಟು ಬೇಕಾದಾಗ ಸಿಗದಿರುವ ರೀತಿ ಎರಡೂ ಕಾಲಕ್ಕೆ ಒಂದೇ. ಅದಕ್ಕಾಗಿ ಈ ಹಡಗುಗಳ ದಾಖಲೆಗಳನ್ನು ಪಾಠಪುಸ್ತಕದಂತೆ ಓದುತ್ತ ಬಂದಿದ್ದೇನೆ. ಕೆಲಸದಲ್ಲಿ ನಿಜವೆಂದು ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ದೂರವನ್ನು ಲೆಕ್ಕ ಹಾಕಿ

ದುರಸ್ತಿಯ ಖರ್ಚು ಎಂದಾಗ ಎಲ್ಲರ ಮನಸ್ಸಿಗೆ ಬರುವುದು ಉಕ್ಕಿನ ಬೆಲೆ, ಕೂಲಿ. ಆದರೆ ಎಲ್ಲಕ್ಕಿಂತ ದುಬಾರಿ ಬಾಬ್ತು ದಾರಿಯಲ್ಲಿ ಕಳೆಯುವ ದಿನಗಳು. ಪಶ್ಚಿಮ ಪೆಸಿಫಿಕ್‌ನ ಉಲಿಥಿ ಹವಳ ದ್ವೀಪದಿಂದ ಹವಾಯಿಯ ಪರ್ಲ್ ಹಾರ್ಬರ್‌ಗೆ 3,600ಕ್ಕೂ ಹೆಚ್ಚು ನಾಟಿಕಲ್ ಮೈಲಿ. 10 ನಾಟ್ ವೇಗದಲ್ಲಿ ಹೋದರೆ 15 ದಿನ. ಎಂಜಿನ್ ಕೆಟ್ಟ ಹಡಗನ್ನು ಟಗ್ಗಿಗೆ ಕಟ್ಟಿ 5 ನಾಟ್‌ನಲ್ಲಿ ಎಳೆದರೆ ಒಂದು ತಿಂಗಳು. ಬರುವಾಗ ಮತ್ತೆ ಅಷ್ಟೇ ದಾರಿ. ಅಷ್ಟು ದಿನ ಆ ಹಡಗೂ ಅದರ ನೂರಾರು ನಾವಿಕರೂ ಯುದ್ಧಕ್ಕೆ ಇಲ್ಲ.

1944ರಲ್ಲಿ ಅಮೆರಿಕದ ನೌಕಾಪಡೆ ಉಲಿಥಿಯ ಹಿನ್ನೀರನ್ನೇ ನೆಲೆ ಮಾಡಿಕೊಂಡು, ದುರಸ್ತಿ ಹಡಗುಗಳು, ತೇಲುವ ಡಾಕ್‌ಗಳು, ತೈಲ ಹಡಗುಗಳು, ನೀರು ಬಟ್ಟಿ ಇಳಿಸುವ ಹಡಗುಗಳನ್ನು ಅಲ್ಲಿಗೇ ತಂದು ನಿಲ್ಲಿಸಿತು. ಕೊಮೊಡೋರ್ ವರಲ್ ಕಾರ್ಟರ್ ಅವರ 10ನೇ ಸರ್ವಿಸ್ ಸ್ಕ್ವಾಡ್ರನ್ ಇದನ್ನು ನಡೆಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಫಾರ್ಮೋಸಾ (ಈಗಿನ ತೈವಾನ್) ಬಳಿ ಕ್ರೂಸರ್ ಹ್ಯೂಸ್ಟನ್ ಎರಡು ದಿನಗಳ ಅಂತರದಲ್ಲಿ ಎರಡು ಸಲ ಟಾರ್ಪಿಡೊ ಏಟು ತಿಂದಿತು. ಒಳಗೆ 6,000 ಟನ್ನಿಗೂ ಮಿಕ್ಕಿ ನೀರು ತುಂಬಿತ್ತು. ಎಳೆದು ಉಲಿಥಿಗೆ ತಂದರು, ಅಲ್ಲಿ ತಾತ್ಕಾಲಿಕ ದುರಸ್ತಿಯಾಯಿತು, ಮಾನುಸ್ ದ್ವೀಪ ದಾಟಿ ಮುಂದಿನ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಯಾರ್ಡು ಮುಟ್ಟಿತು. ನಡುದಾರಿಯಲ್ಲಿ ಕೈ ಹಿಡಿಯುವವರು ಇರದಿದ್ದರೆ ಆ ಹಡಗು ಸಮುದ್ರದ ತಳದಲ್ಲಿರುತ್ತಿತ್ತು.

ನನ್ನ ಕೆಲಸದಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಹಡಗು ಯಾರ್ಡಿಗೆ ಬರಬೇಕೇ, ಅಥವಾ ಯಾರ್ಡೇ ಹಡಗಿಗೆ ಹೋಗಬಹುದೇ?

2. ಸಾಧಾರಣ ಒಡಲನ್ನು ಹಗುರವಾಗಿ ಕಾಣಬೇಡಿ

ದುರಸ್ತಿಗೆ ಸರಕು ಹಡಗೇ ಏಕೆ? ಅದರಲ್ಲಿ ಜಾಗವಿದೆ. ದೊಡ್ಡ ಹೋಲ್ಡುಗಳಿವೆ, ಅವುಗಳ ಮೇಲೆ ಅಗಲವಾದ ಹ್ಯಾಚ್ ಬಾಯಿಗಳಿವೆ, ಭಾರ ಎತ್ತಲು ಡೆರಿಕ್‌ಗಳಿವೆ. ಲೇತನ್ನು ಬಿಚ್ಚದೆ ಒಳಗೆ ಇಳಿಸಬಹುದು, ಮುರಿದ ಶಾಫ್ಟನ್ನು ಪಕ್ಕದ ಹಡಗಿನಿಂದ ಎತ್ತಿ ನೇರ ಮೆಷಿನ್ ಶಾಪಿಗೆ ಇಳಿಸಬಹುದು. ಯುದ್ಧನೌಕೆಯ ಒಡಲು ನೂರಾರು ಸಣ್ಣ ಕೋಣೆಗಳಾಗಿ ಹಂಚಿಹೋಗಿರುತ್ತದೆ, ಅಲ್ಲಿ ಇದು ಸಾಧ್ಯವಿಲ್ಲ. ದುರಸ್ತಿ ಹಡಗು ವೇಗವಾಗಿ ಓಡಬೇಕಾದ್ದಿಲ್ಲ. ನಿಂತಲ್ಲಿ ಚೆನ್ನಾಗಿ ದುಡಿದರೆ ಸಾಕು.

ವೆಸ್ಟಲ್ 1908ರಲ್ಲಿ ನ್ಯೂಯಾರ್ಕ್ ನೇವಿ ಯಾರ್ಡಿನಲ್ಲಿ ನೀರಿಗಿಳಿದಾಗ ಕಲ್ಲಿದ್ದಲು ಹಡಗು. 1912ರಲ್ಲಿ ಬಾಸ್ಟನ್ ಯಾರ್ಡಿಗೆ ಹೋಗಿ, ಮರುವರ್ಷ ದುರಸ್ತಿ ಹಡಗಾಗಿ ಹೊರಬಂತು. ಡೆಲ್ಟಾ ಮೊದಲಿಗೆ ಹವಾಯಿಯನ್ ಪ್ಯಾಕರ್ ಎಂಬ ಸರಕು ಹಡಗು. ನೌಕಾಪಡೆ ಅದನ್ನು 1941ರಲ್ಲಿ ಪಡೆದು ಪರಿವರ್ತಿಸಿತು, ಮೆಡಿಟರೇನಿಯನ್‌ನಲ್ಲಿ ಅದು ದುಡಿಯಿತು. ಕೆನಡಾದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ ಬೀಚಿ ಹೆಡ್ ವರ್ಗದ ಹಡಗುಗಳದ್ದೂ ಯುದ್ಧಕಾಲದ ಸರಕು ಹಡಗಿನ ನಕ್ಷೆಯೇ.

ಲಿಬರ್ಟಿ ಹಡಗಿನ ಕಥೆ ಇನ್ನೂ ದೊಡ್ಡದು. ಉದ್ದ 441 ಅಡಿ, ಹೊರುವ ಭಾರ ಸುಮಾರು 10,000 ಟನ್, ಹೋಲ್ಡು ಐದು, ವೇಗ 11 ನಾಟ್. ಅಮೆರಿಕ ಇಂಥವನ್ನು ಒಟ್ಟು 2,710 ಕಟ್ಟಿತು. ಬಾಲ್ಟಿಮೋರ್‌ನ ಬೆಥ್ಲೆಹೆಮ್-ಫೇರ್‌ಫೀಲ್ಡ್ ಯಾರ್ಡಿನಲ್ಲಿ ಇದೇ ಒಡಲಿನ ಮೇಲೆ ಲೂಜಾನ್ ವರ್ಗದ ಎಂಜಿನ್ ದುರಸ್ತಿ ಹಡಗುಗಳು ಸಿದ್ಧವಾದವು. ಮಿಂಡನಾವೊ, ಟುಟುಯಿಲಾ ಇದೇ ವರ್ಗದವು. ಇನ್ನು ಆರು ಲಿಬರ್ಟಿ ಹಡಗುಗಳನ್ನು ಅಮೆರಿಕದ ಸೇನಾ ವಾಯುಪಡೆ 1944ರಲ್ಲಿ ತೇಲುವ ವಿಮಾನ ದುರಸ್ತಿ ಘಟಕಗಳಾಗಿ ಮಾರ್ಪಡಿಸಿತು. ದಡಕ್ಕೂ ಹಡಗಿಗೂ ನಡುವೆ ಬಿಡಿಭಾಗ ಸಾಗಿಸಲು ಅವುಗಳ ಡೆಕ್ಕಿನಲ್ಲಿ ಸಿಕಾರ್ಸ್ಕಿ ಹೆಲಿಕಾಪ್ಟರ್‌ಗಳಿದ್ದವು. ಹೆಲಿಕಾಪ್ಟರನ್ನು ಲೋಕ ಆಗಿನ್ನೂ ಸರಿಯಾಗಿ ಕಂಡಿರಲಿಲ್ಲ.

3. ಯಂತ್ರ ತುಂಬಿದರೆ ಕಾರ್ಖಾನೆಯಾಗುವುದಿಲ್ಲ

ಪರಿವರ್ತನೆಯ ನಕ್ಷೆ ನೋಡುವಾಗ ನಾನು ಮೊದಲು ಹುಡುಕುವುದು ಭಾರ ಎಲ್ಲಿದೆ ಎಂಬುದನ್ನು. ಸರಕು ಹಡಗಿನ ಭಾರ ಹೋಲ್ಡಿನ ತಳದಲ್ಲಿರುತ್ತದೆ. ದುರಸ್ತಿ ಹಡಗಿನಲ್ಲಿ ಯಂತ್ರಗಳು ಮೇಲಿನ ಡೆಕ್ಕುಗಳಲ್ಲಿ, ಕ್ರೇನು ಅದಕ್ಕೂ ಮೇಲೆ, ತಳದಲ್ಲಿ ಖಾಲಿ. ಭಾರದ ಕೇಂದ್ರ ಮೇಲೇರಿದ ಹಡಗು ವಾಲಿದರೆ ಬೇಗ ಎದ್ದು ನಿಲ್ಲುವುದಿಲ್ಲ. ತಳದಲ್ಲಿ ಸ್ಥಿರವಾದ ಬ್ಯಾಲಸ್ಟ್ ಹಾಕಬೇಕು, ಹಾಕಿದ ಮೇಲೆ ಹಡಗನ್ನು ತುಸು ವಾಲಿಸಿ ನೋಡುವ ಇನ್‌ಕ್ಲೈನಿಂಗ್ ಟೆಸ್ಟ್ ಮಾಡಿ ಲೆಕ್ಕ ಸರಿಯಿದೆಯೇ ಎಂದು ನೋಡಬೇಕು. ಕ್ರೇನಿನಲ್ಲಿ ಭಾರ ತೂಗುತ್ತಿರುವಾಗ ಆ ಭಾರ ಕ್ರೇನಿನ ತುದಿಯಲ್ಲೇ ಇದೆ ಎಂದು ಲೆಕ್ಕ ಹಿಡಿಯಬೇಕು. ಇದನ್ನು ಮರೆತ ಕಡೆ ಹಡಗು ಮಗುಚಿದೆ.

ಎರಡನೆಯದು ವಿದ್ಯುತ್ತು. ಸರಕು ಹಡಗಿನ ಮೂಲ ಜನರೇಟರು ದೀಪಕ್ಕೆ, ಸಣ್ಣ ಪಂಪಿಗೆ ಲೆಕ್ಕ ಹಾಕಿ ಕೊಟ್ಟದ್ದು. ಹತ್ತಾರು ವೆಲ್ಡಿಂಗ್ ಸೆಟ್ಟು, ಲೇತ್, ಕಂಪ್ರೆಸರ್ ಒಟ್ಟಿಗೆ ಓಡಬೇಕೆಂದರೆ ಹೊಸ ಜನರೇಟರ್ ಬೇಕು. ಪಕ್ಕಕ್ಕೆ ಬಂದು ನಿಂತ ಗಾಯಾಳು ಹಡಗಿನ ಬಾಯ್ಲರ್ ಆರಿದ್ದರೆ ಅದಕ್ಕೂ ಕರೆಂಟು, ಹಬೆ, ನೀರು ಇಲ್ಲಿಂದಲೇ ಹೋಗಬೇಕು.

ಮೂರನೆಯದು ಮನುಷ್ಯರು. ಸರಕು ಹಡಗಿನಲ್ಲಿ ನಾಲ್ಕೈದು ಡಜನ್ ಜನ ಇದ್ದರೆ ಹೆಚ್ಚು. ದುರಸ್ತಿ ಹಡಗಿಗೆ ನೂರಾರು ಕುಶಲಕರ್ಮಿಗಳು ಬೇಕು, ಅವರಿಗೆ ಮಲಗಲು ಜಾಗ, ಕುಡಿಯಲು ನೀರು, ಗಾಳಿ ಬೇಕು. ಉಷ್ಣವಲಯದ ಬಂದರಿನಲ್ಲಿ ಬಿಸಿಲಿಗೆ ಕಾದ ಉಕ್ಕಿನ ಒಡಲೊಳಗೆ ಕುಲುಮೆ ಹಚ್ಚಿದರೆ ಒಳಗಿನ ಸೆಕೆ ಹೇಗಿರುತ್ತದೆಂದು ಟ್ಯಾಂಕಿನೊಳಗೆ ವೆಲ್ಡಿಂಗ್ ಮಾಡಿದವರಿಗೆ ಗೊತ್ತು. ಗಾಳಿಯ ವ್ಯವಸ್ಥೆಗೆ ದುಡ್ಡು ಉಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಕೆಲಸಕ್ಕಿಲ್ಲ.

4. ತೇಲಬೇಕು, ಚಲಿಸಬೇಕು, ಹೋರಾಡಬೇಕು: ಇದೇ ಕ್ರಮ

ಹಾನಿಯಾದ ಹಡಗಿನ ಮೇಲೆ ಕಾಲಿಟ್ಟಾಗ ಹತ್ತು ವಿಭಾಗದವರು ಹತ್ತು ಪಟ್ಟಿ ಹಿಡಿದು ಬರುತ್ತಾರೆ, ಎಲ್ಲರದ್ದೂ ತುರ್ತು. ಪಟ್ಟಿಯನ್ನು ಮೂರು ಪ್ರಶ್ನೆಗಳಿಂದ ಸೋಸಿ: ಇದಿಲ್ಲದಿದ್ದರೆ ಹಡಗು ಮುಳುಗುತ್ತದೆಯೇ? ಇದಿಲ್ಲದಿದ್ದರೆ ನಿಲ್ಲುತ್ತದೆಯೇ? ಇದಿಲ್ಲದಿದ್ದರೆ ತನ್ನ ಕೆಲಸ ಮಾಡಲಾರದೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಕೆಲಸ ಕಾಯಬಹುದು.

ಇದರ ಅತ್ಯುತ್ತಮ ಉದಾಹರಣೆ 1942ರ ನವೆಂಬರ್‌ನ ನೂಮಿಯಾ ಬಂದರು. ಸಾಂಟಾ ಕ್ರೂಜ್ ಕದನದಲ್ಲಿ ಬಾಂಬು ತಿಂದ ಎಂಟರ್‌ಪ್ರೈಸ್ ಅಲ್ಲಿಗೆ ಬಂತು. ಆಗ ದಕ್ಷಿಣ ಪೆಸಿಫಿಕ್‌ನಲ್ಲಿ ಅಮೆರಿಕಕ್ಕೆ ಉಳಿದಿದ್ದ ವಿಮಾನವಾಹಕ ಅದೊಂದೇ. ವೆಸ್ಟಲ್‌ನ ಕೆಲಸಗಾರರು, ಸೀಬೀ ಎಂದು ಕರೆಸಿಕೊಳ್ಳುವ ನಿರ್ಮಾಣ ದಳದವರು, ಹಡಗಿನ ಸ್ವಂತ ಸಿಬ್ಬಂದಿ ಹಗಲು ರಾತ್ರಿ ದುಡಿದರು. ಕದನ ನಡೆಯುತ್ತಿದ್ದ ಗ್ವಾಡಲ್‌ಕೆನಾಲ್ ದ್ವೀಪದಿಂದ ಕರೆ ಬಂದಾಗ ಕೆಲಸ ಮುಗಿದಿರಲಿಲ್ಲ. ಮುಂಭಾಗದ ವಿಮಾನ ಲಿಫ್ಟನ್ನು ಮೇಲಿನ ಸ್ಥಾನದಲ್ಲೇ ಬಿಟ್ಟರು, ಏಕೆಂದರೆ ಅದು ಕೆಳಗೆ ಸಿಕ್ಕಿಕೊಂಡರೆ ಓಡುದಾರಿಯ ನಡುವೆ ದೊಡ್ಡ ಗುಂಡಿ ಬಿದ್ದಂತೆ. ದುರಸ್ತಿಗಾರರನ್ನು ಹಡಗಿನ ಮೇಲೆಯೇ ಇಟ್ಟುಕೊಂಡು, ವೆಲ್ಡಿಂಗ್ ನಡೆಯುತ್ತಿರುವಾಗಲೇ ಎಂಟರ್‌ಪ್ರೈಸ್ ಹೊರಟಿತು. ಕೆಲವೇ ದಿನಗಳಲ್ಲಿ ಅದರ ವಿಮಾನಗಳು ಜಪಾನಿನ ಯುದ್ಧನೌಕೆ ಹಿಯೆಯ್‌ ಮೇಲೆ ಎರಗಿದವು. ಪೂರ್ಣ ದುರಸ್ತಿಗೆ ಕಾದಿದ್ದರೆ ಆ ವಾರ ಅಲ್ಲಿ ವಿಮಾನವಾಹಕವೇ ಇರುತ್ತಿರಲಿಲ್ಲ.

5. ತಾತ್ಕಾಲಿಕ ಎಂದರೆ ಅಡ್ಡಾದಿಡ್ಡಿ ಎಂದಲ್ಲ

ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ. ತಾತ್ಕಾಲಿಕ ದುರಸ್ತಿಯಲ್ಲಿ ಕೆಲಸದ ವ್ಯಾಪ್ತಿ ಕಡಿಮೆ, ಗುಣಮಟ್ಟ ಕಡಿಮೆಯಲ್ಲ.

ಹಡಗಿನ ಪಕ್ಕೆಯಲ್ಲಿ ತೂತು ಬಿದ್ದಿದೆ ಎನ್ನಿ. ಅಂಚು ಹರಿದು ಮಡಚಿಕೊಂಡಿರುತ್ತದೆ, ಅಲ್ಲಿಂದ ಸುತ್ತಲೂ ಸೀಳುಗಳು ಓಡಿರುತ್ತವೆ. ಮೊದಲು ಪ್ರತಿ ಸೀಳು ಎಲ್ಲಿ ಮುಗಿಯುತ್ತದೆಂದು ಪತ್ತೆ ಮಾಡಬೇಕು. ಬರಿಗಣ್ಣು ಸಾಲದು, ಬಣ್ಣ ಕೆರೆದು, ಸೀಳಿನೊಳಗೆ ಇಳಿದು ಅದನ್ನು ತೋರಿಸುವ ಡೈ ಪೆನೆಟ್ರಂಟ್ ದ್ರವ ಬಳಿದು ನೋಡಬೇಕು. ತುದಿ ಸಿಕ್ಕಿದಲ್ಲಿ ದುಂಡಗೆ ರಂಧ್ರ ಕೊರೆಯಬೇಕು, ಇಲ್ಲದಿದ್ದರೆ ಹಡಗು ಅಲೆಗೆ ಬಾಗಿದಾಗ ಸೀಳು ಇನ್ನೂ ಮುಂದಕ್ಕೆ ಹರಿಯುತ್ತದೆ. ಆಮೇಲೆ ಮಡಚಿದ ಅಂಚನ್ನು ಗ್ಯಾಸ್ ಕಟಿಂಗ್‌ನಲ್ಲಿ ಕತ್ತರಿಸಿ ತೆಗೆಯಬೇಕು, ಮೂಲೆಗಳನ್ನು ದುಂಡಗೇ ಬಿಡಬೇಕು. ಚೂಪು ಮೂಲೆಯಲ್ಲಿ ಒತ್ತಡ ಕೂಡಿಕೊಳ್ಳುತ್ತದೆ. ಲಿಬರ್ಟಿ ಹಡಗುಗಳೇ ಇದನ್ನು ಲೋಕಕ್ಕೆ ಕಲಿಸಿದವು: ಆರಂಭದ ಲಿಬರ್ಟಿಗಳಲ್ಲಿ ಚೌಕ ಹ್ಯಾಚ್‌ಗಳ ಮೂಲೆಯಿಂದ ಹೊರಟ ಬಿರುಕುಗಳು ಡೆಕ್ಕನ್ನೇ ಸೀಳಿದವು, ಕೆಲವು ಹಡಗುಗಳು ಎರಡು ತುಂಡಾದವು. ಕೇಂಬ್ರಿಜ್‌ನ ಕಾನ್ಸ್‌ಟನ್ಸ್ ಟಿಪ್ಪರ್ ಅವರು ಆ ಉಕ್ಕು ಚಳಿಯಲ್ಲಿ ಗಾಜಿನಂತೆ ಒಡೆಯುತ್ತದೆ ಎಂದು ತೋರಿಸಿಕೊಟ್ಟರು. ಹ್ಯಾಚ್ ಮೂಲೆಗಳನ್ನು ದುಂಡಗೆ ಮಾಡಿ, ಬಿರುಕು ತಡೆಯಲು ರಿವೆಟ್ ಹೊಡೆದ ಪಟ್ಟಿಗಳನ್ನು ಕೂರಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ತೂತು ಶುಚಿಯಾದ ಮೇಲೆ ಪ್ಲೈವುಡ್‌ನಲ್ಲಿ ಟೆಂಪ್ಲೇಟು ತೆಗೆದು ಪ್ಲೇಟು ಕತ್ತರಿಸಬೇಕು. ಒಳಗೆ ಮುರಿದ ಫ್ರೇಮಿನ ಬದಲು ಆ್ಯಂಗಲ್ ಕೂರಿಸದೆ ಬರೀ ಪ್ಲೇಟು ಹೊದಿಸಿದರೆ ಅಲೆಯ ಹೊಡೆತಕ್ಕೆ ಅದು ಒಳಬಾಗುತ್ತದೆ. ವೆಲ್ಡಿಂಗನ್ನು ಒಂದೇ ಕಡೆಯಿಂದ ಸುತ್ತಿಕೊಂಡು ಹೋಗಬಾರದು, ಶಾಖಕ್ಕೆ ಪ್ಲೇಟು ತಿರುಚಿಕೊಳ್ಳುತ್ತದೆ. ಎದುರುಬದುರಾಗಿ, ತುಂಡು ತುಂಡಾಗಿ ಹಾಕಬೇಕು. ಎಲೆಕ್ಟ್ರೋಡನ್ನು ಓವನ್‌ನಲ್ಲಿ ಒಣಗಿಸಿರಬೇಕು, ಕಡಲ ಗಾಳಿಯ ತೇವ ವೆಲ್ಡಿನೊಳಗೆ ಹೋದರೆ ಮರುದಿನ ಅಲ್ಲಿಯೇ ಬಿರುಕು. ಕೊನೆಗೆ ಪರೀಕ್ಷೆ: ಒಂದು ಬದಿಗೆ ಸೀಮೆಸುಣ್ಣದ ನೀರು ಬಳಿದು ಒಣಗಿಸಿ, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ ಕಾಯಬೇಕು. ಬಿಳುಪಿನ ಮೇಲೆ ಒದ್ದೆ ಕಲೆ ಮೂಡಿದರೆ ವೆಲ್ಡಿನಲ್ಲಿ ಸೂಜಿ ಕಣ್ಣಿನಷ್ಟಾದರೂ ದಾರಿ ಉಳಿದಿದೆ ಎಂದೇ ಅರ್ಥ. ಆಗ ಅಷ್ಟನ್ನು ಕೆತ್ತಿ ತೆಗೆದು ಮತ್ತೆ ವೆಲ್ಡ್ ಮಾಡಬೇಕು, ಮೇಲಿಂದ ಮೇಲೆ ಸವರಿ ಮುಚ್ಚಬಾರದು.

6. ಕೈಗೆ ಸಿಕ್ಕಿದ್ದರಲ್ಲಿ ದಾರಿ ಹುಡುಕಿ

1942ರ ನವೆಂಬರ್ 30ರ ರಾತ್ರಿ ಟಸಾಫರೊಂಗಾ ಕದನದಲ್ಲಿ ಕ್ರೂಸರ್ ನ್ಯೂ ಆರ್ಲಿಯನ್ಸ್‌ನ ಮೂತಿ, ಸುಮಾರು 150 ಅಡಿಯಷ್ಟು, ಟಾರ್ಪಿಡೊ ಏಟಿಗೆ ಕಳಚಿ ಹೋಯಿತು. ತುಲಾಗಿ ಬಂದರಿಗೆ ಹೇಗೋ ಮುಟ್ಟಿದ ಹಡಗಿಗೆ ಅಲ್ಲಿ ಉಕ್ಕು ಸಾಕಷ್ಟಿರಲಿಲ್ಲ, ತೆಂಗಿನ ಮರ ಬೇಕಾದಷ್ಟಿತ್ತು. ತೆಂಗಿನ ದಿಮ್ಮಿಗಳಿಂದಲೇ ತಾತ್ಕಾಲಿಕ ಮೂತಿ ಕಟ್ಟಿದರು. ಹಡಗು ಹಿಮ್ಮುಖವಾಗಿ ಸಾಗಿ ಕ್ರಿಸ್‌ಮಸ್ ಮುನ್ನಾದಿನ ಸಿಡ್ನಿಯ ಕಾಕಟೂ ದ್ವೀಪದ ಯಾರ್ಡು ಸೇರಿತು.

ನಮ್ಮ ದಿನನಿತ್ಯದ ಕೆಲಸದಲ್ಲಿ ಇದಕ್ಕೆ ಸಮನಾದದ್ದು ಸಿಮೆಂಟ್ ಬಾಕ್ಸ್. ಎಂಜಿನ್ ರೂಮಿನ ಮೂಲೆಯಲ್ಲಿ ಕಡಲ ನೀರಿನ ಪೈಪು ಹಡಗಿನ ಪ್ಲೇಟಿಗೆ ಸೇರುವ ಜಾಗ ಸೋರುತ್ತಿದೆ. ಒಳಗೆ ಎಣ್ಣೆಯ ಅಪಾಯವಿರುವುದರಿಂದ ವೆಲ್ಡಿಂಗ್ ಸಾಧ್ಯವಿಲ್ಲ. ಸೋರುವ ಜಾಗಕ್ಕೆ ರಬ್ಬರ್ ಇಟ್ಟು ಬೆಣೆ ಹೊಡೆದು, ಸುತ್ತ ಹಲಗೆಯ ಪೆಟ್ಟಿಗೆ ಕಟ್ಟಬೇಕು. ಇನ್ನೂ ಜಿನುಗುವ ನೀರು ಹೊರಹೋಗಲು ಪೆಟ್ಟಿಗೆಯ ತಳದಲ್ಲಿ ಒಂದು ಪೈಪು ಇಡಲೇಬೇಕು. ಸಿಮೆಂಟು, ಮರಳಿಗೆ ವಾಷಿಂಗ್ ಸೋಡಾ ಬೆರೆಸಿದರೆ ಬೇಗ ಗಟ್ಟಿಯಾಗುತ್ತದೆ. ಸಿಮೆಂಟು ಪೂರ್ತಿ ಬಲಿಯುವವರೆಗೆ ನೀರು ಪೈಪಿನಿಂದ ಹರಿಯುತ್ತಲೇ ಇರಲಿ. ಬಲಿತ ಮೇಲೆ ಪೈಪಿಗೆ ಬಿರಡೆ ಹಾಕಿ. ಅವಸರಪಟ್ಟು ಮೊದಲೇ ಬಿರಡೆ ಹಾಕಿದರೆ ಒತ್ತಡದ ನೀರು ಹಸಿ ಸಿಮೆಂಟನ್ನು ಸೀಳಿಕೊಂಡು ಬರುತ್ತದೆ. ನೀರಿಗೆ ದಾರಿ ಕೊಟ್ಟು ಗೆಲ್ಲುವ ಈ ಉಪಾಯ ಇಂದಿಗೂ ಹಡಗುಗಳನ್ನು ಬಂದರಿಗೆ ಮುಟ್ಟಿಸುತ್ತಿದೆ.

7. ಸ್ಟೋರು ಗಟ್ಟಿಯಿದ್ದರೆ ಶಾಪು ಗಟ್ಟಿ

ಪೆಸಿಫಿಕ್‌ನಲ್ಲಿ ವೆಸ್ಟಲ್‌ನ ದುಡಿಮೆಯ ಲೆಕ್ಕ ನೋಡಿ. ಟೊಂಗಾಟಾಪುವಿನಲ್ಲಿ ಎರಡು ತಿಂಗಳಲ್ಲಿ 58 ಹಡಗುಗಳ 963 ಕೆಲಸ. ಎಸ್ಪಿರಿಟು ಸಾಂಟೊದಲ್ಲಿ ಒಂದು ವರ್ಷದಲ್ಲಿ 279 ಹಡಗುಗಳ 5,603 ಕೆಲಸ. ಇವುಗಳಲ್ಲಿ ಟಾರ್ಪಿಡೊ ಗಾಯಗಳು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಹೆಚ್ಚಿನವು ಪಂಪು, ವಾಲ್ವು, ಮೋಟರು, ಬೇರಿಂಗು, ಬಾಯ್ಲರ್ ಟ್ಯೂಬು. ಹಡಗನ್ನು ಯುದ್ಧದಿಂದ ಹೊರಗಿಡಲು ಒಂದು ಫೀಡ್ ಪಂಪು ಕೆಟ್ಟರೂ ಸಾಕು.

ಇಂಥ ಕೆಲಸ ಸ್ಟೋರಿನ ಮೇಲೆ ನಿಂತಿದೆ. ಯಾವ ಹಿತ್ತಾಳೆ ಸರಳು ಎಲ್ಲಿದೆ, ಯಾವ ಅಳತೆಯ ಗ್ಯಾಸ್ಕೆಟ್ ಶೀಟು ಎಷ್ಟು ಉಳಿದಿದೆ ಎಂದು ಥಟ್ಟನೆ ಹೇಳುವ ಸ್ಟೋರ್‌ಕೀಪರ್ ಇಲ್ಲದ ಕಡೆ ಅತ್ಯುತ್ತಮ ಟರ್ನರ್ ಕೂಡ ಕೈಕಟ್ಟಿ ಕೂರುತ್ತಾನೆ. ಬಿಡಿಭಾಗ ಇಲ್ಲದಿದ್ದರೆ ಮಾಡಿಕೊಳ್ಳಬೇಕು, ಅದಕ್ಕೆ ಪ್ಯಾಟರ್ನ್ ಮಾಡುವ ಬಡಗಿಯೂ ಎರಕದ ಕುಲುಮೆಯೂ ಬೇಕು. ಲೋಹ ಆರುವಾಗ ಕುಗ್ಗುತ್ತದೆ, ಆದ್ದರಿಂದ ಮರದ ಪ್ಯಾಟರ್ನನ್ನು ಆ ಕುಗ್ಗುವಿಕೆಯಷ್ಟು ದೊಡ್ಡದಾಗಿ ಕೆತ್ತುವ ಲೆಕ್ಕ ಆ ಬಡಗಿಗೆ ಗೊತ್ತಿರಬೇಕು. ಈ ವಿದ್ಯೆ ಈಗ ನಮ್ಮ ಯಾರ್ಡುಗಳಲ್ಲಿ ತೆಳುವಾಗುತ್ತಿದೆ. ಬಿಡಿಭಾಗ ಕೊರಿಯರ್‌ನಲ್ಲಿ ಬರುವ ಕಾಲದಲ್ಲಿ ಇದರ ಕೊರತೆ ಕಾಣುವುದಿಲ್ಲ, ಕೊರಿಯರ್ ನಿಂತ ದಿನ ಕಾಣುತ್ತದೆ.

8. ಹಡಗಿಗಿಂತ ಮೊದಲು ಕೈಗಳನ್ನು ಹುಡುಕಿ

ಒಡಲು ಸಿಗುತ್ತದೆ, ಯಂತ್ರ ಕೊಳ್ಳಬಹುದು. ಅನುಭವಿ ಮೇಸ್ತ್ರಿಯನ್ನು ಯುದ್ಧ ಶುರುವಾದ ಮೇಲೆ ತಯಾರು ಮಾಡಲಾಗದು. 1982ರ ಏಪ್ರಿಲ್‌ನಲ್ಲಿ ಫಾಕ್‌ಲ್ಯಾಂಡ್ಸ್‌ಗೆ ಹೊರಟ ಬ್ರಿಟಿಷ್ ನೌಕಾಪಡೆಗೆ ದುರಸ್ತಿ ಹಡಗು ಬೇಕಿತ್ತು. ಉತ್ತರ ಸಮುದ್ರದ ತೈಲ ಬಾವಿಗಳಲ್ಲಿ ಮುಳುಗುಗಾರರ ಕೆಲಸಕ್ಕಿದ್ದ ಸ್ಟೆನಾ ಸೀಸ್ಪ್ರೆಡ್ ಎಂಬ ಖಾಸಗಿ ಹಡಗನ್ನು ವಶಕ್ಕೆ ಪಡೆದು, ಕೆಲವೇ ದಿನಗಳಲ್ಲಿ ಸಾಮಗ್ರಿ ತುಂಬಿ, ನೌಕಾಪಡೆಯ ಕುಶಲಕರ್ಮಿಗಳ ತಂಡವನ್ನು ಹತ್ತಿಸಿ ಕಳಿಸಿದರು. ದಕ್ಷಿಣ ಅಟ್ಲಾಂಟಿಕ್‌ನ ತೆರೆದ ಕಡಲಿನಲ್ಲೇ ಅದು ಹಾನಿಗೊಂಡ ಹಡಗುಗಳಿಗೆ ತೇಪೆ ಹಾಕಿತು. ಅದೇ ಅನುಭವದ ಮೇಲೆ ಬ್ರಿಟನ್ ಸ್ಟೆನಾ ಇನ್‌ಸ್ಪೆಕ್ಟರ್ ಎಂಬ ಹಡಗನ್ನು ಕೊಂಡು ಡಿಲಿಜೆನ್ಸ್ ಎಂದು ಹೆಸರಿಟ್ಟು, 2016ರವರೆಗೆ ದುರಸ್ತಿ ಹಡಗಾಗಿ ಇಟ್ಟುಕೊಂಡಿತು. ಹಡಗು ದಿನಗಳಲ್ಲಿ ಸಿದ್ಧವಾದದ್ದು ನಿಜ. ಅದನ್ನು ಹತ್ತಿದ ಕೈಗಳು ಸಿದ್ಧವಾಗಲು ವರ್ಷಗಳೇ ಹಿಡಿದಿದ್ದವು.

9. ಗಾಯ ವಾಸಿ ಮಾಡುವವರೂ ಗುರಿಯಾಗುತ್ತಾರೆ

1941ರ ಡಿಸೆಂಬರ್ 7ರ ಬೆಳಗ್ಗೆ ವೆಸ್ಟಲ್ ಪರ್ಲ್ ಹಾರ್ಬರ್‌ನಲ್ಲಿ ಯುದ್ಧನೌಕೆ ಅರಿಜೋನಾದ ಪಕ್ಕಕ್ಕೆ ಕಟ್ಟಿಕೊಂಡು ನಿಂತಿತ್ತು. ಎರಡು ಬಾಂಬು ವೆಸ್ಟಲ್‌ಗೇ ಬಿದ್ದವು. ಅರಿಜೋನಾ ಸಿಡಿದಾಗ ಆ ರಭಸಕ್ಕೆ ವೆಸ್ಟಲ್‌ನ ಕಮಾಂಡರ್ ಕ್ಯಾಸಿನ್ ಯಂಗ್ ನೀರಿಗೆ ಎಸೆಯಲ್ಪಟ್ಟರು. ಎಣ್ಣೆ ಉರಿಯುತ್ತಿದ್ದ ನೀರಿನಲ್ಲಿ ಈಜಿ ಹಿಂದಿರುಗಿ, ಹಡಗು ಬಿಡುತ್ತಿದ್ದವರನ್ನು ತಡೆದು, ಹಗ್ಗ ಕತ್ತರಿಸಿ, ಹಡಗನ್ನು ದೂರ ಸರಿಸಿ ಆಯಿಯಾ ಬಳಿ ಹವಳದ ದಿಣ್ಣೆಗೆ ಹತ್ತಿಸಿದರು. ಮುಳುಗುವ ಹಡಗನ್ನು ಬೇಕೆಂದೇ ನೆಲಕ್ಕೆ ಹತ್ತಿಸುವುದು ಶುದ್ಧ ಎಂಜಿನಿಯರಿಂಗ್ ತೀರ್ಮಾನ. ಯಾರ್ಡು ಬೇರೆ ಹಡಗುಗಳಿಂದ ತುಂಬಿದ್ದರಿಂದ ವೆಸ್ಟಲ್‌ನವರು ತಮ್ಮ ಹಡಗನ್ನು ತಾವೇ ರಿಪೇರಿ ಮಾಡಿಕೊಂಡರು. ಯಂಗ್ ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಸಂದಿತು.

1944ರ ನವೆಂಬರ್ 10ರಂದು ಮಾನುಸ್‌ನ ಸೀಯಾಡ್ಲರ್ ಬಂದರಿನಲ್ಲಿ ಸುಮಾರು 3,800 ಟನ್ ಮದ್ದುಗುಂಡು ಹೊತ್ತಿದ್ದ ಮೌಂಟ್ ಹುಡ್ ಹಡಗು ಸಿಡಿಯಿತು. ಸುಮಾರು 350 ಗಜ ದೂರದಲ್ಲಿದ್ದ ಮಿಂಡನಾವೊದಲ್ಲಿ 82 ಮಂದಿ ಸತ್ತರು. ಶತ್ರುವಿನ ಪಾತ್ರ ಅಲ್ಲಿ ಕಂಡುಬರಲಿಲ್ಲ. ದುರಸ್ತಿ ಹಡಗು ಎಲ್ಲಿ ನಿಲ್ಲುತ್ತದೆ, ಅದರ ಸುತ್ತ ಏನಿದೆ ಎನ್ನುವುದು ಜೀವದ ಪ್ರಶ್ನೆ.

ಶಾಂತಿಕಾಲದಲ್ಲೂ ನಮ್ಮ ಕೆಲಸಗಾರರನ್ನು ಕೊಲ್ಲುವುದು ಬೆಂಕಿ ಮತ್ತು ಅನಿಲ. ಗ್ಯಾಸ್ ಫ್ರೀ ಸರ್ಟಿಫಿಕೇಟ್ ಇಲ್ಲದೆ ಟ್ಯಾಂಕಿಗೆ ಇಳಿಯಬೇಡಿ. ಬಲ್ಕ್‌ಹೆಡ್ ಎಂಬ ಅಡ್ಡಗೋಡೆಯ ಈ ಬದಿ ವೆಲ್ಡಿಂಗ್ ನಡೆಯುವಾಗ ಆ ಬದಿಗೆ ನೀರಿನ ಹೋಸು ಹಿಡಿದ ಕಾವಲಿನವನು ಇರಲೇಬೇಕು, ಕೆಲಸ ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಬೇಕು. ಕೆಲಸ ಎಷ್ಟೇ ತುರ್ತಾಗಿರಲಿ, ಈ ನಿಯಮವನ್ನು ಸಡಿಲಿಸುವ ಹಕ್ಕು ಯಾವ ಮೇಲಧಿಕಾರಿಗೂ ಇಲ್ಲ.

10. ಒಂದು ಶ್ರೇಷ್ಠವಾದದ್ದಕ್ಕಿಂತ ಹಲವು ಸಾಧಾರಣವಾದವು ಮೇಲು

ಜಪಾನ್ 1939ರಲ್ಲಿ ಅಕಾಶಿ ಎಂಬ ದುರಸ್ತಿ ಹಡಗನ್ನು ಅದಕ್ಕೆಂದೇ ಕಟ್ಟಿತು. ಜರ್ಮನಿಯಿಂದ ತರಿಸಿದ ಯಂತ್ರಗಳಿದ್ದ ಅದು ಆ ಕಾಲದ ಅತಿ ಸಮರ್ಥ ದುರಸ್ತಿ ಹಡಗುಗಳಲ್ಲಿ ಒಂದು. ಪೆಸಿಫಿಕ್‌ನ ಟ್ರುಕ್ ನೆಲೆಯಲ್ಲಿ ನಿಂತು ಜಪಾನೀ ನೌಕಾಬಳಗದ ದುರಸ್ತಿಯ ದೊಡ್ಡ ಪಾಲನ್ನು ಹೊತ್ತಿತು. 1944ರ ಮಾರ್ಚ್ 30ರಂದು ಪಲಾವುನಲ್ಲಿ ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದವು. ಅದರ ಸ್ಥಾನ ತುಂಬಬಲ್ಲ ಇನ್ನೊಂದು ಹಡಗು ಜಪಾನಿಗೆ ಇರಲಿಲ್ಲ. ಅಮೆರಿಕ ಅದಕ್ಕೆಂದೇ ಕಟ್ಟಿದ ವಲ್ಕನ್, ಏಜಾಕ್ಸ್, ಹೆಕ್ಟರ್‌ಗಳ ಜೊತೆಗೆ ಪರಿವರ್ತಿತ ಸರಕು ಹಡಗುಗಳನ್ನೂ ಹತ್ತಾರು ಬಂದರುಗಳಲ್ಲಿ ಹರಡಿತ್ತು; ಒಂದು ಹೋದರೆ ಇನ್ನೊಂದು ಇತ್ತು.

ಸಾಧಾರಣ ಒಡಲು ಬಾಳಿಕೆಯಲ್ಲೂ ಸೋಲಲಿಲ್ಲ. 1943ರಲ್ಲಿ ಲಿಬರ್ಟಿ ಹಡಗಾಗಿ ನೀರಿಗಿಳಿದ ಟುಟುಯಿಲಾ 1960ರ ದಶಕದಲ್ಲಿ ವಿಯೆಟ್ನಾಮ್‌ನ ಫು ಕ್ವಾಕ್ ದ್ವೀಪದ ಆನ್ ಥಾಯ್ ಬಳಿ ಲಂಗರು ಹಾಕಿ ಗಸ್ತು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿತ್ತು. ಬೀಚಿ ಹೆಡ್ ಮುಂದೆ ಕೆನಡಾ ನೌಕಾಪಡೆಯಲ್ಲಿ ಕೇಪ್ ಸ್ಕಾಟ್ ಆಗಿ ದುಡಿಯಿತು.

ನಮ್ಮ ದೇಶಕ್ಕೂ ಈ ದಾರಿ ಹೊಸದಲ್ಲ. ಸರಕು ಹಡಗಿನಿಂದ ಪರಿವರ್ತನೆಗೊಂಡ ಧಾರಿಣಿ ಭಾರತೀಯ ನೌಕಾಪಡೆಯಲ್ಲಿ ದುರಸ್ತಿ ಹಡಗಾಗಿತ್ತು. ಇಂದು ಕಾರವಾರದ ಕದಂಬ ನೆಲೆಯಲ್ಲಿ 10,000 ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಎತ್ತಿ ದಡದಲ್ಲಿ ನಿಲ್ಲಿಸುವ ಶಿಪ್‌ಲಿಫ್ಟ್ ಇದೆ, ಹಡಗು ದುರಸ್ತಿ ಯಾರ್ಡಿದೆ. ದಡದ ಮೇಲಿನ ಈ ಬಲ ದೊಡ್ಡದು. ಆದರೆ ಹಡಗುಗಳು ದಡದಿಂದ ಸಾವಿರಾರು ಮೈಲಿ ದೂರ ಹೋಗುತ್ತವೆ, ಅಲ್ಲಿಗೆ ಶಿಪ್‌ಲಿಫ್ಟ್ ಹೋಗಲಾರದು. ಯಾವ ವ್ಯಾಪಾರಿ ಹಡಗನ್ನು ಎಷ್ಟು ದಿನದಲ್ಲಿ ದುರಸ್ತಿ ಹಡಗು ಮಾಡಬಹುದು, ಅದಕ್ಕೆ ಯಂತ್ರ ಯಾವುದು, ಜನ ಯಾರು ಎಂಬ ಪಟ್ಟಿ ಶಾಂತಿಕಾಲದಲ್ಲೇ ಸಿದ್ಧವಿರಬೇಕು.

ಕರಾವಳಿಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ, ಮೆರೈನ್ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳಿಗೆ ನನ್ನ ಮಾತು ಇಷ್ಟೇ. ಹೊಸ ಹಡಗು ಕಟ್ಟುವುದಕ್ಕೆ ಸಿಗುವ ಮರ್ಯಾದೆ ದುರಸ್ತಿಗೆ ಸಿಗುವುದಿಲ್ಲ ಎಂದು ಈ ಕಸುಬಿನಿಂದ ದೂರ ಸರಿಯಬೇಡಿ. ಲೇತ್ ಕಲಿಯಿರಿ, ವೆಲ್ಡಿಂಗ್ ಕಲಿಯಿರಿ, ಎರಕ ಕಲಿಯಿರಿ. ಮಾಡಿದ ಪ್ರತಿ ತಾತ್ಕಾಲಿಕ ದುರಸ್ತಿಯ ನಕ್ಷೆಯನ್ನು ಬರೆದು ಮುಂದಿನ ಯಾರ್ಡಿಗೆ ಕೊಡಿ. ಏಟು ತಿಂದ ಹಡಗನ್ನು ಬೇಗ ಕಡಲಿಗೆ ಮರಳಿಸಬಲ್ಲ ನೌಕಾಪಡೆಯೇ ದೀರ್ಘ ಯುದ್ಧದಲ್ಲಿ ನಿಲ್ಲುತ್ತದೆ, ಮತ್ತು ಆ ಕೆಲಸ ನಡೆಯುವುದು ನಿಮ್ಮ ಕೈಗಳಿಂದ.